ಬರಲಿರುವ ಔಷಧ ಯಾರ ಬಾಗಿಲಿಗೆ?

ವಿಜ್ಞಾನವು ನಾಳೆ ಏನನ್ನು ಸಾಧಿಸಲಿದೆ ಎಂದು ಭವಿಷ್ಯ ನುಡಿಯುವವರಿಗೆ ಇಂದು ಬರವಿಲ್ಲ. ಯೋಚಿಸುವ ಯಂತ್ರಗಳು, ಮುಪ್ಪನ್ನು ಮುಂದೂಡುವ ಮದ್ದುಗಳು, ಅನ್ಯಗ್ರಹಗಳಲ್ಲಿ ವಸತಿ ಮುಂತಾದ ವಾರ್ತೆಗಳನ್ನು ನಾವು ದಿನನಿತ್ಯ ಓದುತ್ತಿದ್ದೇವೆ. ಏನು ಸಾಧ್ಯವಾಗಲಿದೆ ಎಂಬ ಪ್ರಶ್ನೆಗೆ ಪುಟಗಟ್ಟಲೆ ಉತ್ತರ ದೊರೆಯುತ್ತದೆ. ಯಾರಿಗೆ ಸಾಧ್ಯವಾಗಲಿದೆ ಎಂಬ ಪ್ರಶ್ನೆಯನ್ನು ಕೇಳುವವರು ವಿರಳ. ಈ ಎರಡನೆಯ ಪ್ರಶ್ನೆಯನ್ನು ಎತ್ತಿಕೊಂಡು, ಈಗಾಗಲೇ ನಮ್ಮ ಹೊಸ್ತಿಲಿಗೆ ಬಂದು ನಿಂತಿರುವ ಒಂದು ಮಹತ್ತರ ಆವಿಷ್ಕಾರವನ್ನು ಪರಿಶೀಲಿಸುವುದು ಉಚಿತ. ಅದು ವಂಶವಾಹಿಗಳನ್ನೇ ತಿದ್ದಿ ರೋಗವನ್ನು ಗುಣಪಡಿಸುವ ವಿದ್ಯೆ.

ಈ ವಿದ್ಯೆಯ ಬೇರು ಒಂದು ಸನ್ಯಾಸಿಮಠದ ತೋಟದಲ್ಲಿದೆ. ಇಂದಿನ ಚೆಕ್ ಗಣರಾಜ್ಯದ ಬ್ರನೋ ನಗರದ ಅಗಸ್ಟಿನ್ ಸಭೆಯ ಮಠದಲ್ಲಿ ಗ್ರೆಗರ್ ಮೆಂಡೆಲ್ ಬಟಾಣಿ ಗಿಡಗಳನ್ನು ಬೆಳೆಸಿ, ತಂದೆತಾಯಿಯರ ಗುಣಗಳು ಸಂತಾನಕ್ಕೆ ಇಳಿದುಬರುವ ನಿಯಮವನ್ನು ಕಂಡುಕೊಂಡು, 1866ರಲ್ಲಿ ಪ್ರಕಟಿಸಿದರು. ಜಗತ್ತು ಅದನ್ನು ಗಮನಿಸಲಿಲ್ಲ. ಅವರು 1884ರಲ್ಲಿ ತೀರಿಕೊಂಡ ಮೇಲೆ, 1900ರಲ್ಲಷ್ಟೇ ಆ ಪ್ರಬಂಧಕ್ಕೆ ಮರುಜೀವ ಬಂತು. ಅಲ್ಲಿಂದ ಒಂದು ಶತಮಾನಕ್ಕೂ ಮಿಗಿಲಾದ ಸಂಶೋಧನೆಯ ಫಲವಾಗಿ, 2012ರಲ್ಲಿ ಜೆನಿಫರ್ ಡೌಡ್ನಾ ಮತ್ತು ಎಮ್ಯಾನುಯೆಲ್ ಶಾರ್ಪಾಂಟಿಯೆ ಎಂಬ ಇಬ್ಬರು ವಿಜ್ಞಾನಿಗಳು ‘ಕ್ರಿಸ್ಪರ್’ ಎಂಬ ವಿಧಾನವನ್ನು ಲೋಕಕ್ಕೆ ನೀಡಿದರು. ವೈರಾಣುಗಳ ದಾಳಿಯಿಂದ ತಮ್ಮನ್ನು ಕಾಪಾಡಿಕೊಳ್ಳಲು ಬ್ಯಾಕ್ಟೀರಿಯಾಗಳು ಬಳಸುವ ಉಪಾಯವೇ ಇದರ ಆಧಾರ. ಸುಮಾರು 300 ಕೋಟಿ ಅಕ್ಷರಗಳಿರುವ ಮನುಷ್ಯನ ವಂಶಲಿಪಿಯಲ್ಲಿ ಗೊತ್ತುಪಡಿಸಿದ ಸ್ಥಳವನ್ನು ಹುಡುಕಿ ಕತ್ತರಿಸುವ ಕತ್ತರಿ ಇದು. 2020ರಲ್ಲಿ ಇಬ್ಬರಿಗೂ ರಸಾಯನಶಾಸ್ತ್ರದ ನೊಬೆಲ್ ಪಾರಿತೋಷಕ ಸಂದಿತು.

ಈ ಕತ್ತರಿಯನ್ನು ಬಳಸುವ ಚಿಕಿತ್ಸೆಗೆ ಮೊತ್ತಮೊದಲ ಅನುಮತಿ ದೊರೆತದ್ದು ಕುಡುಗೋಲು ಕಣ ರಕ್ತಹೀನತೆ, ಅಂದರೆ ಸಿಕಲ್ ಸೆಲ್ ಅನೀಮಿಯ ಮತ್ತು ಥಲಸ್ಸೀಮಿಯ ಎಂಬ ಎರಡು ರಕ್ತರೋಗಗಳಿಗೆ ಎಂಬುದು ಗಮನಾರ್ಹ. ಮೊದಲನೆಯದು ವಿಶೇಷವಾಗಿ ಬಡವರ ರೋಗ. ಆಫ್ರಿಕ ಖಂಡದಲ್ಲಿ ಮತ್ತು ಆಫ್ರಿಕ ಮೂಲದ ಜನರಲ್ಲಿ ಇದು ವ್ಯಾಪಕ. ನಮ್ಮ ದೇಶದಲ್ಲಿ ಆದಿವಾಸಿ ಸಮುದಾಯಗಳು ಇದರ ಭಾರವನ್ನು ಹೊತ್ತಿವೆ. ಭಾರತದಲ್ಲಿ ಇದು ಮೊದಲು ವರದಿಯಾದದ್ದು 1952ರಲ್ಲಿ, ನಮ್ಮ ನೆರೆಯ ನೀಲಗಿರಿ ಬೆಟ್ಟಗಳ ಬುಡಕಟ್ಟು ಜನರಲ್ಲಿ. ನಮ್ಮ ರಾಜ್ಯದ ಚಾಮರಾಜನಗರ, ಮೈಸೂರು, ಕೊಡಗು ಜಿಲ್ಲೆಗಳ ಸೋಲಿಗರು, ಜೇನುಕುರುಬರು ಮೊದಲಾದವರಲ್ಲಿಯೂ ಈ ವಂಶವಾಹಿ ಇದೆ.

ರೋಗದ ಮೂಲ ಅತ್ಯಲ್ಪ. ರಕ್ತಕ್ಕೆ ಕೆಂಬಣ್ಣ ನೀಡಿ ಪ್ರಾಣವಾಯುವನ್ನು ಹೊತ್ತೊಯ್ಯುವ ಹಿಮೋಗ್ಲೋಬಿನ್ ಎಂಬ ದ್ರವ್ಯವನ್ನು ನಿರ್ಮಿಸುವ ಲಿಪಿಯಲ್ಲಿ ಒಂದೇ ಒಂದು ಅಕ್ಷರ ಪಲ್ಲಟವಾಗಿರುತ್ತದೆ. ಅಷ್ಟರಿಂದಲೇ ದುಂಡಗಿರಬೇಕಾದ ಕೆಂಪು ಕಣಗಳು ಪ್ರಾಣವಾಯು ಕಡಿಮೆಯಾದೊಡನೆ ಕುಡುಗೋಲಿನಂತೆ ಬಾಗಿ, ಸೆಡೆತು, ಕಿರುನಾಳಗಳಲ್ಲಿ ಸಿಕ್ಕಿಕೊಳ್ಳುತ್ತವೆ. ಆಗ ಎಲುಬು ಕೀಲುಗಳಲ್ಲಿ ಸಹಿಸಲಸಾಧ್ಯವಾದ ನೋವು ಕಾಣಿಸಿಕೊಳ್ಳುತ್ತದೆ. ಗುಲ್ಮ, ಶ್ವಾಸಕೋಶ, ಮೆದುಳುಗಳಿಗೂ ಹಾನಿ ತಪ್ಪದು. ತಂದೆತಾಯಿ ಇಬ್ಬರೂ ಈ ಅಕ್ಷರದ ವಾಹಕರಾಗಿದ್ದರೆ ಪ್ರತಿಯೊಂದು ಮಗುವಿಗೂ ರೋಗ ಬರುವ ಸಂಭವ ನಾಲ್ಕರಲ್ಲಿ ಒಂದು.

ಹೊಸ ಚಿಕಿತ್ಸೆಯ ಕ್ರಮ ಕುತೂಹಲಕಾರಿ. ಗರ್ಭದಲ್ಲಿರುವ ಶಿಶುವಿಗೆ ಬೇರೊಂದು ಬಗೆಯ ಹಿಮೋಗ್ಲೋಬಿನ್ ಇರುತ್ತದೆ. ಹುಟ್ಟಿದ ಕೆಲವು ತಿಂಗಳುಗಳಲ್ಲಿ ದೇಹವು ಅದರ ತಯಾರಿಯನ್ನು ಬಹುಮಟ್ಟಿಗೆ ನಿಲ್ಲಿಸುತ್ತದೆ. ಹಾಗೆ ನಿಲ್ಲಿಸುವ ಆಜ್ಞೆಯನ್ನು ಕ್ರಿಸ್ಪರ್ ಕತ್ತರಿಯಿಂದ ತುಂಡರಿಸಿದರೆ ಆ ಹಳೆಯ ಹಿಮೋಗ್ಲೋಬಿನ್ ಪುನಃ ಉತ್ಪತ್ತಿಯಾಗಿ, ಕಣಗಳು ಬಾಗುವುದನ್ನು ತಡೆಯುತ್ತದೆ. ರೋಗಿಯ ರಕ್ತೋತ್ಪಾದಕ ಕೋಶಗಳನ್ನು ಹೊರತೆಗೆದು, ಪ್ರಯೋಗಾಲಯದಲ್ಲಿ ತಿದ್ದಿ, ಪ್ರಬಲ ಔಷಧದಿಂದ ಅಸ್ಥಿಮಜ್ಜೆಯನ್ನು ಬರಿದುಮಾಡಿ, ತಿದ್ದಿದ ಕೋಶಗಳನ್ನು ಮರಳಿ ಸೇರಿಸುತ್ತಾರೆ. ಆ ಪ್ರಬಲ ಔಷಧವು ಸಂತಾನಶಕ್ತಿಯನ್ನೇ ಕುಂದಿಸಬಹುದು. ಆದರೂ ಫಲ ಅಸಾಮಾನ್ಯ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆಯು ಪರಿಗಣಿಸಿದ 31 ರೋಗಿಗಳಲ್ಲಿ 29 ಮಂದಿ ಕನಿಷ್ಠ ಒಂದು ವರ್ಷ ಪೂರ್ತಿ ತೀವ್ರ ನೋವಿನಿಂದ ಮುಕ್ತರಾಗಿದ್ದರು. ‘ಕ್ಯಾಸ್ಜೆವಿ’ ಎಂಬ ಹೆಸರಿನ ಈ ಚಿಕಿತ್ಸೆಗೆ 2023ರ ನವೆಂಬರಿನಲ್ಲಿ ಬ್ರಿಟನ್ನೂ ಮರುತಿಂಗಳು ಅಮೆರಿಕವೂ ಒಪ್ಪಿಗೆ ನೀಡಿದವು.

ಇದು ಆರಂಭ ಮಾತ್ರ. ಕೋಶಗಳನ್ನು ಹೊರತೆಗೆಯದೆ, ತಿದ್ದುವ ದ್ರವ್ಯವನ್ನು ನೇರವಾಗಿ ದೇಹಕ್ಕೆ ಸೇರಿಸುವ ಪ್ರಯತ್ನಗಳು ಮುಂದುವರಿದಿವೆ. ಅಮೆರಿಕದ ಫಿಲಡೆಲ್ಫಿಯ ನಗರದಲ್ಲಿ, ಯಕೃತ್ತಿನ ಅತಿ ವಿರಳವಾದ ಜನ್ಮಜಾತ ದೋಷವಿದ್ದ ಒಂದು ಹಸುಳೆಗಾಗಿಯೇ ಪ್ರತ್ಯೇಕ ಮದ್ದನ್ನು ಸುಮಾರು ಆರು ತಿಂಗಳಲ್ಲಿ ಸಿದ್ಧಪಡಿಸಿ ನೀಡಿದ ವಾರ್ತೆ 2025ರ ಮೇ ತಿಂಗಳಲ್ಲಿ ಪ್ರಕಟವಾಯಿತು. ಒಂದು ಮಗುವಿಗೆ ಒಂದು ಔಷಧ ಎಂಬುದು ಹತ್ತು ವರ್ಷಗಳ ಹಿಂದೆ ಕಲ್ಪನೆಯ ಮಾತಾಗಿತ್ತು.

ಇಲ್ಲಿಯವರೆಗೆ ಸಂತೋಷಪಡಬೇಕಾದ ಸಂಗತಿಗಳೇ. ಈಗ ಬೆಲೆಯತ್ತ ದೃಷ್ಟಿ ಹಾಯಿಸೋಣ. ಅಮೆರಿಕದಲ್ಲಿ ಕ್ಯಾಸ್ಜೆವಿಗೆ ನಿಗದಿಯಾದ ಬೆಲೆ ಒಬ್ಬ ರೋಗಿಗೆ 22 ಲಕ್ಷ ಡಾಲರು. ಅಂದಿನ ವಿನಿಮಯದಂತೆ ಸುಮಾರು 18 ಕೋಟಿ ರೂಪಾಯಿ. ನಮ್ಮ ಕೇಂದ್ರ ಸರ್ಕಾರವು ಕುಡುಗೋಲು ಕಣ ರಕ್ತಹೀನತೆಯನ್ನು 2047ರೊಳಗೆ ನಿರ್ಮೂಲ ಮಾಡುವ ಗುರಿಯೊಂದಿಗೆ 2023ರ ಜುಲೈ 1ರಂದು ರಾಷ್ಟ್ರೀಯ ಅಭಿಯಾನವನ್ನು ಆರಂಭಿಸಿತು. ಕರ್ನಾಟಕವೂ ಸೇರಿದಂತೆ 17 ರಾಜ್ಯಗಳಲ್ಲಿ 7 ಕೋಟಿ ಜನರ ತಪಾಸಣೆ ಅದರ ಉದ್ದೇಶ. 2025ರ ಮಧ್ಯಭಾಗದ ವೇಳೆಗೆ 6 ಕೋಟಿ ಮಂದಿಯ ತಪಾಸಣೆ ನಡೆದು, 2 ಲಕ್ಷಕ್ಕೂ ಹೆಚ್ಚು ರೋಗಿಗಳು ಪತ್ತೆಯಾಗಿದ್ದಾರೆಂದು ಸರ್ಕಾರ ತಿಳಿಸಿತು. ಆ 2 ಲಕ್ಷ ಜನರಿಗೆ ಅಮೆರಿಕದ ಬೆಲೆಯಲ್ಲಿ ಚಿಕಿತ್ಸೆ ಕೊಡಿಸಬೇಕಾದರೆ 36 ಲಕ್ಷ ಕೋಟಿ ರೂಪಾಯಿ ಬೇಕು. 2025-26ರ ಕೇಂದ್ರ ಮುಂಗಡಪತ್ರದ ಒಟ್ಟು ವೆಚ್ಚದ ಮೂರನೆಯ ಎರಡು ಭಾಗವನ್ನೂ ಅದು ಮೀರುತ್ತದೆ. ಯಾರ ರೋಗವೋ ಅವರ ಕೈಗೆ ಎಟುಕದ ಮದ್ದು ಇದು.

ಇದಕ್ಕಿಂತಲೂ ಮನಸ್ಸನ್ನು ಕಲಕುವ ಸಂಗತಿ ಇನ್ನೊಂದಿದೆ. ಈ ರೋಗವನ್ನು ಹಗುರಗೊಳಿಸುವ ಸಾಧನಗಳು ದಶಕಗಳಿಂದ ನಮ್ಮ ಬಳಿ ಇವೆ. ಎಳೆಯ ಮಕ್ಕಳಿಗೆ ನಿತ್ಯವೂ ಪೆನಿಸಿಲಿನ್ ನೀಡಿದರೆ ಮಾರಕ ಸೋಂಕುಗಳು ಗಣನೀಯವಾಗಿ ತಗ್ಗುತ್ತವೆ ಎಂಬುದು 1986ರಲ್ಲಿಯೇ ಸಿದ್ಧವಾಯಿತು. ಹೈಡ್ರಾಕ್ಸಿಯೂರಿಯ ಎಂಬ ಗುಳಿಗೆಯು ನೋವಿನ ಆಘಾತಗಳನ್ನು ಹೆಚ್ಚುಕಡಿಮೆ ಅರ್ಧಕ್ಕೆ ಇಳಿಸುತ್ತದೆ ಎಂಬುದು 1995ರಲ್ಲಿ ಸ್ಥಿರಪಟ್ಟಿತು. ಇವು ಕೋಟಿ ರೂಪಾಯಿಗಳ ಮದ್ದುಗಳಲ್ಲ. ಇವುಗಳಿಗೆ ಬೇಕಾದದ್ದು ಹುಟ್ಟಿದ ಕೂಡಲೇ ರಕ್ತಪರೀಕ್ಷೆ, ತಿಂಗಳು ತಪ್ಪದೆ ಗುಳಿಗೆ ಪೂರೈಸುವ ಆರೋಗ್ಯ ಕೇಂದ್ರ, ಆಗಾಗ ರಕ್ತದ ತಪಾಸಣೆ, ಹಾಡಿಯ ತನಕ ನಡೆದುಹೋಗುವ ಒಬ್ಬ ದಾದಿ. ಕಾಡಂಚಿನಿಂದ ತಾಲ್ಲೂಕು ಆಸ್ಪತ್ರೆಗೆ ಬರಲು ಒಂದು ದಿನದ ಕೂಲಿಯನ್ನು ಕಳೆದುಕೊಳ್ಳಬೇಕಾದ ತಾಯಿ, ಅಲ್ಲಿ ಗುಳಿಗೆ ಮುಗಿದಿದೆ ಎಂಬ ಉತ್ತರ ಕೇಳಿ ಹಿಂದಿರುಗಿದರೆ, 1995ರ ಆವಿಷ್ಕಾರವು ಆಕೆಯ ಪಾಲಿಗೆ ಇನ್ನೂ ನಡೆದೇ ಇಲ್ಲ. ಪ್ರಯೋಗಾಲಯದಲ್ಲಿ ಆವಿಷ್ಕಾರಕ್ಕೆ ಒಂದು ಜನನವಾದರೆ, ಕಟ್ಟಕಡೆಯ ರೋಗಿಯನ್ನು ಮುಟ್ಟಿದಾಗ ಇನ್ನೊಂದು ಜನನ. ಮೊದಲನೆಯದನ್ನು ನಾವು ಹಬ್ಬದಂತೆ ಆಚರಿಸುತ್ತೇವೆ. ಎರಡನೆಯದರ ದಿನಾಂಕ ಯಾರ ನೆನಪಿನಲ್ಲಿಯೂ ಉಳಿಯುವುದಿಲ್ಲ.

ಈ ಎರಡು ಜನನಗಳ ನಡುವಣ ಅಂತರಕ್ಕೆ ಇತಿಹಾಸವೇ ಸಾಕ್ಷಿ. ಜೋನಾಸ್ ಸಾಕ್ ಅವರ ಪೋಲಿಯೋ ಲಸಿಕೆ ಯಶಸ್ವಿಯೆಂದು 1955ರಲ್ಲಿ ಘೋಷಣೆಯಾಯಿತು. ಭಾರತವು ಪೋಲಿಯೋಮುಕ್ತವೆಂದು ಪ್ರಮಾಣೀಕೃತವಾದದ್ದು 2014ರಲ್ಲಿ. ನಡುವೆ ಕಳೆದ 59 ವರ್ಷಗಳಲ್ಲಿ ಕುಂಟಿದ ಮಕ್ಕಳಿಗೆ ವಿಜ್ಞಾನದ ಕೊರತೆ ಇರಲಿಲ್ಲ; ತಲಪಿಸುವವರ ಕೊರತೆ ಇತ್ತು. ಆದರೆ ಅಂತರವನ್ನು ಕುಗ್ಗಿಸಬಹುದೆಂಬುದಕ್ಕೂ ನಿದರ್ಶನವಿದೆ. ಏಡ್ಸ್ ರೋಗವನ್ನು ಹತೋಟಿಯಲ್ಲಿಡುವ ಮೂರು ಔಷಧಗಳ ಜೋಡಣೆಗೆ ಶ್ರೀಮಂತ ದೇಶಗಳಲ್ಲಿ ವರ್ಷಕ್ಕೆ 10 ಸಾವಿರ ಡಾಲರುಗಳನ್ನು ಮೀರಿ ಬೆಲೆಯಿದ್ದಾಗ, ನಮ್ಮ ದೇಶದ ಸಿಪ್ಲಾ ಸಂಸ್ಥೆಯು 2001ರಲ್ಲಿ ಅದನ್ನು ಸೇವಾಸಂಸ್ಥೆಯೊಂದಕ್ಕೆ 350 ಡಾಲರಿಗೆ ಕೊಡಲು ಮುಂದಾಯಿತು. ಬೆಲೆ ವಿಧಿಲಿಖಿತವಲ್ಲ ಎಂಬುದನ್ನು ಅದು ತೋರಿಸಿಕೊಟ್ಟಿತು. ಬ್ರಿಟನ್ನಿನಲ್ಲಿಯೂ 2025ರ ಜನವರಿಯಲ್ಲಿ, ಕುಡುಗೋಲು ಕಣ ರೋಗಿಗಳಿಗೆ ಕ್ಯಾಸ್ಜೆವಿಯನ್ನು ಸಾರ್ವಜನಿಕ ಆರೋಗ್ಯ ಸೇವೆಯ ಮೂಲಕವೇ ಒದಗಿಸಲು ಸಮ್ಮತಿ ದೊರೆಯಿತು. ಅಲ್ಲಿ ರೋಗಿಯು ಆಸ್ತಿ ಮಾರಬೇಕಾಗಿಲ್ಲ.

ನಮ್ಮ ವಿಜ್ಞಾನಿಗಳೂ ಕೈಕಟ್ಟಿ ಕುಳಿತಿಲ್ಲ. ದೆಹಲಿಯ ಜೀನೋಮಿಕ್ಸ್ ಮತ್ತು ಸಮಗ್ರ ಜೀವವಿಜ್ಞಾನ ಸಂಸ್ಥೆಯಲ್ಲಿ ಇದೇ ರೋಗಕ್ಕಾಗಿ ಸಿದ್ಧವಾದ ಸ್ವದೇಶೀ ಕ್ರಿಸ್ಪರ್ ಚಿಕಿತ್ಸೆಯನ್ನು 2025ರ ನವೆಂಬರಿನಲ್ಲಿ ಪ್ರಕಟಿಸಲಾಯಿತು. ಆದಿವಾಸಿಗಳ ಹಕ್ಕುಗಳಿಗಾಗಿ ಹೋರಾಡಿ 1900ರಲ್ಲಿ ರಾಂಚಿಯ ಸೆರೆಮನೆಯಲ್ಲಿ ಮಡಿದ ಬಿರ್ಸಾ ಮುಂಡಾ ಅವರ ನೆನಪಿಗೆ ಅದನ್ನು ‘ಬಿರ್ಸಾ 101’ ಎಂದು ಕರೆದಿದ್ದಾರೆ. ಹೆಸರು ಅರ್ಥಪೂರ್ಣವಾಗಿದೆ. ಪ್ರಯೋಗಾಲಯದಿಂದ ರೋಗಿಯ ಹಾಸಿಗೆಯವರೆಗಿನ ಹಾದಿಯನ್ನು ಕ್ರಮಿಸಿ, ಬಿರ್ಸಾನ ಜನರನ್ನು ಮುಟ್ಟಿದ ದಿನ ಆ ಹೆಸರು ಸಾರ್ಥಕವಾಗುತ್ತದೆ.

ಇಲ್ಲಿ ತತ್ವಶಾಸ್ತ್ರದ ಒಂದೆರಡು ಮಾತು ಅಪ್ರಸ್ತುತವಾಗಲಾರದು. ಗ್ರೀಕ್ ತತ್ವಜ್ಞಾನಿ ಅರಿಸ್ಟಾಟಲನು ವಸ್ತುಗಳನ್ನು ನಿರ್ಮಿಸುವ ಕೌಶಲವನ್ನೂ ಒಳ್ಳೆಯದನ್ನು ಆಯ್ದು ನಡೆಯುವ ವಿವೇಕವನ್ನೂ ಬೇರೆ ಬೇರೆ ಗುಣಗಳೆಂದು ವಿಂಗಡಿಸಿದನು. ಕೌಶಲವಿದ್ದಲ್ಲಿ ವಿವೇಕವೂ ತಾನಾಗಿ ಬರುತ್ತದೆಂದು ನಂಬುವುದು ನಮ್ಮ ಕಾಲದ ಭ್ರಮೆ. 2018ರ ನವೆಂಬರಿನಲ್ಲಿ ಚೀನಾದ ಹೆ ಜಿಯಾನ್‌ಕುಯಿ ಎಂಬ ವಿಜ್ಞಾನಿಯು ಭ್ರೂಣಾವಸ್ಥೆಯಲ್ಲಿಯೇ ವಂಶವಾಹಿಗಳನ್ನು ತಿದ್ದಿದ ಅವಳಿ ಹೆಣ್ಣುಮಕ್ಕಳು ಜನಿಸಿದ್ದಾರೆಂದು ಸಾರಿದಾಗ ಜಗತ್ತೇ ಬೆಚ್ಚಿತು. ಮರುವರ್ಷ ಆತನಿಗೆ ಮೂರು ವರ್ಷಗಳ ಸೆರೆವಾಸ ವಿಧಿಸಲಾಯಿತು. ರೋಗಿಯೊಬ್ಬನ ರಕ್ತಕೋಶಗಳನ್ನು ತಿದ್ದಿದರೆ ಫಲವೂ ಅಪಾಯವೂ ಆತನಿಗೇ ಸೀಮಿತ. ಭ್ರೂಣವನ್ನು ತಿದ್ದಿದರೆ, ಒಪ್ಪಿಗೆ ಕೊಡಲಾರದ, ಇನ್ನೂ ಹುಟ್ಟದ ಪೀಳಿಗೆಗಳೆಲ್ಲ ಆ ತಿದ್ದುಪಡಿಯನ್ನು ಹೊರಬೇಕಾಗುತ್ತದೆ. 2008ರಲ್ಲಿ ಪ್ರಕಟವಾದ ವ್ಯಾಟಿಕನ್ನಿನ ದಾಖಲೆಯೂ ಈ ಎರಡನ್ನು ಬೇರ್ಪಡಿಸಿ, ಮೊದಲನೆಯದನ್ನು ತತ್ವತಃ ಒಪ್ಪಿ, ಎರಡನೆಯದನ್ನು ಇಂದಿನ ಸ್ಥಿತಿಯಲ್ಲಿ ಸಲ್ಲದೆಂದಿತು.

ಪ್ರಕೃತಿಯ ‘ದೋಷ’ವನ್ನು ಅಳಿಸಿಬಿಡುತ್ತೇವೆ ಎಂಬ ಆತುರಕ್ಕೆ ಈ ರೋಗವೇ ಒಂದು ಪಾಠ ಹೇಳುತ್ತದೆ. ಆಂಟನಿ ಆಲಿಸನ್ ಎಂಬ ಸಂಶೋಧಕರು 1954ರಲ್ಲಿ ತೋರಿಸಿಕೊಟ್ಟಂತೆ, ತಂದೆತಾಯಿಗಳಲ್ಲಿ ಒಬ್ಬರಿಂದ ಮಾತ್ರ ಈ ಪಲ್ಲಟವಾದ ಅಕ್ಷರವನ್ನು ಪಡೆದವರು ಮಲೇರಿಯದಿಂದ ಬಹುಮಟ್ಟಿಗೆ ರಕ್ಷಣೆ ಪಡೆಯುತ್ತಾರೆ. ಸೊಳ್ಳೆಗಳ ನಾಡಿನಲ್ಲಿ ಈ ಅಕ್ಷರ ಉಳಿದುಬಂದುದು ಆ ಕಾರಣಕ್ಕಾಗಿ. ಎರಡು ಪ್ರತಿ ಸೇರಿದಾಗ ಶಾಪವಾಗುವುದು, ಒಂದೇ ಇದ್ದಾಗ ಗುರಾಣಿ. ಹೀಗಿರುವಾಗ ಕೇಡಿನ ವಂಶವಾಹಿ, ಒಳ್ಳೆಯ ವಂಶವಾಹಿ ಎಂದು ಥಟ್ಟನೆ ತೀರ್ಪು ಕೊಡುವುದು ಅವಿವೇಕ. ವಂಶವಾಹಿಯನ್ನು ಹೊತ್ತ ಮನುಷ್ಯನ ಮೇಲೆ ಆ ತೀರ್ಪನ್ನು ಹೊರಿಸುವುದಂತೂ ಅನ್ಯಾಯವೇ ಸರಿ. ರಾಷ್ಟ್ರೀಯ ಅಭಿಯಾನದಲ್ಲಿ ತಪಾಸಣೆಗೆ ಒಳಗಾದವರಿಗೆ ಗುರುತಿನ ಕಾರ್ಡುಗಳನ್ನು ನೀಡಲಾಗುತ್ತಿದೆ. ವಾಹಕರಿಬ್ಬರು ಮದುವೆಯಾಗುವ ಮುನ್ನ ತಿಳಿದು ನಿರ್ಧರಿಸಲಿ ಎಂಬ ಅದರ ಆಶಯ ಒಳ್ಳೆಯದೇ. ಆದರೆ ಅದೇ ಕಾರ್ಡು ಹೆಣ್ಣುಮಗಳೊಬ್ಬಳ ಮದುವೆಗೆ ಅಡ್ಡಿಯಾಗುವ, ಆಕೆಯ ಕುಲಕ್ಕೆ ಕಳಂಕ ಹಚ್ಚುವ ಸಾಧನವಾಗದಂತೆ ಎಚ್ಚರ ವಹಿಸಬೇಕು. ಜಾತಿಯ ಪಟ್ಟಿಗಳನ್ನು ಕಂಡ ನಾಡಿಗೆ ರಕ್ತದ ಪಟ್ಟಿಯೊಂದು ಹೊಸದಾಗಿ ಬೇಡ.

ಹಾಗಾದರೆ ನಾವು ಮಾಡಬೇಕಾದುದೇನು? ಸಾರ್ವಜನಿಕ ಹಣದಿಂದ ಹುಟ್ಟಿದ ಚಿಕಿತ್ಸೆಯನ್ನು ಖಾಸಗಿ ಸಂಸ್ಥೆಗೆ ಹಸ್ತಾಂತರಿಸುವಾಗಲೇ ಅದರ ಬೆಲೆಯ ಮಿತಿಯನ್ನೂ, ಬಡರೋಗಿಗಳಿಗೆ ಉಚಿತವಾಗಿ ದೊರೆಯಬೇಕಾದ ಪಾಲನ್ನೂ ಬರೆದಿಡುವಂತೆ ನಮ್ಮ ಜನಪ್ರತಿನಿಧಿಗಳನ್ನು ಕೇಳಬೇಕು. ಕಾಡಂಚಿನ ಪ್ರತಿಯೊಂದು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿಯೂ ಹೈಡ್ರಾಕ್ಸಿಯೂರಿಯ ವರ್ಷದುದ್ದಕ್ಕೂ ದೊರೆಯುತ್ತಿದೆಯೇ ಎಂದು ವಿಚಾರಿಸಬೇಕು. ಈ ರೋಗಿಗಳಿಗೆ ಆಗಾಗ ರಕ್ತ ಬೇಕಾಗುವುದರಿಂದ ನಮ್ಮ ಯುವಕ ಯುವತಿಯರು ರಕ್ತದಾನಕ್ಕೆ ಮುಂದೆ ಬರಬೇಕು. ಆಸ್ಪತ್ರೆ, ಶಾಲೆ, ವಸತಿನಿಲಯಗಳನ್ನು ನಡೆಸುವ ಸಂಘಸಂಸ್ಥೆಗಳು ತಮ್ಮ ಆಶ್ರಯದಲ್ಲಿರುವ ಆದಿವಾಸಿ ಮಕ್ಕಳಿಗೆ ರಕ್ತಪರೀಕ್ಷೆ ಮಾಡಿಸಿ, ಫಲಿತಾಂಶವನ್ನು ಗೋಪ್ಯವಾಗಿಟ್ಟು, ಹೆತ್ತವರಿಗೆ ಅವರ ಮಾತಿನಲ್ಲಿಯೇ ತಿಳಿಹೇಳಬೇಕು. ಇವು ಯಾವ ಪಾರಿತೋಷಕವನ್ನೂ ತರದ ಸಣ್ಣ ಕೆಲಸಗಳು. ಮಹಾ ಆವಿಷ್ಕಾರಗಳು ಕಡೆಗೆ ಇಂತಹ ಸಣ್ಣ ಕೆಲಸಗಳ ಹೆಗಲೇರಿಯೇ ಹಾಡಿಯನ್ನು ಸೇರಬೇಕಾಗಿದೆ.

ವಿಜ್ಞಾನಿಗಳು ತಮ್ಮ ಪಾಲಿನ ಕೆಲಸವನ್ನು ಶ್ರದ್ಧೆಯಿಂದ ನಡೆಸುತ್ತಿದ್ದಾರೆ. ಅವರಿಗೆ ನಾವು ಕೃತಜ್ಞರಾಗಿರಬೇಕು. ಮನುಷ್ಯನ ಅಂತರಾಳದ ಲಿಪಿಯಲ್ಲಿ ಒಂದು ಅಕ್ಷರವನ್ನು ಹುಡುಕಿ ತಿದ್ದುವ ಸಾಮರ್ಥ್ಯ ಬಂದಿರುವಾಗ, ಬೆಟ್ಟದ ತಪ್ಪಲಿನ ಒಂದು ಮನೆಯನ್ನು ಹುಡುಕಿಕೊಂಡು ಹೋಗಿ ಗುಳಿಗೆ ಕೊಟ್ಟು ಬರುವ ಸಾಮರ್ಥ್ಯ ನಮಗಿಲ್ಲವೆಂದರೆ ಯಾರೂ ನಂಬಲಾರರು. ಇರಬೇಕಾದದ್ದು ಮನಸ್ಸು.