ಆರೋಗ್ಯದ ಮಾತು: ಕುರ್ಚಿಯಿಂದ ಏಳುವುದು

ಊರಿನಿಂದ ಮುಂಬಯಿಗೆ ಬಂದ ತಾಯಿಯವರನ್ನು ಕುರ್ಚಿಯಲ್ಲಿ ಕೂರಿಸಿ ಉಪಚರಿಸುತ್ತೇವೆ. ಕೆಲವೇ ತಿಂಗಳಲ್ಲಿ ಅವರಿಗೆ ಕೈಯೂರದೆ ಏಳಲಾಗದು. ವಯಸ್ಸಾಯಿತೆನ್ನುತ್ತೇವೆ, ತಪ್ಪಿನಲ್ಲಿ ನಮ್ಮ ಉಪಚಾರದ ಪಾಲೂ ಉಂಟು!

ಮಾಂಸಖಂಡಕ್ಕೆ ಎಳೆಯುವುದೊಂದೇ ಗೊತ್ತು, ತಳ್ಳಲು ಬಾರದು. ಅದಕ್ಕೇ ತೋಳಿನ ಮುಂದಿನದು ಮೊಣಕೈ ಮಡಿಸಿದರೆ ಹಿಂದಿನದು ಚಾಚುತ್ತದೆ. ಏಳುವಾಗ ತೊಡೆಯ ಮುಂಭಾಗದ ಖಂಡಗಳು ಕುಗ್ಗಿ, ಮಂಡಿಚಿಪ್ಪಿನ ಮೂಲಕ ಕೆಳಗಿನ ಎಲುಬನ್ನೆಳೆದು ಕಾಲನ್ನು ನೆಟ್ಟಗೆ ಮಾಡುತ್ತವೆ. ಕೂರುವಾಗಲೂ ಅವಕ್ಕೆ ಬಿಡುವಿಲ್ಲ. ಕೊಡವನ್ನು ಬಾವಿಗಿಳಿಸುವವರು ಹಗ್ಗವನ್ನು ಹಿಡಿಹಿಡಿದೇ ಬಿಡುವಂತೆ, ಬಿಗಿಯಾಗಿದ್ದುಕೊಂಡೇ ಉದ್ದವಾಗುತ್ತವೆ. ಹೊಸದಾಗಿ ಬಸ್ಕಿ ಹೊಡೆದ ಮರುದಿನದ ನೋವು ಹೆಚ್ಚಾಗಿ ಈ ಇಳಿತದ್ದೇ.

ಗೋಡೆಗೆ ಒತ್ತಿಸಿಟ್ಟ ಗಟ್ಟಿ ಕುರ್ಚಿಯಲ್ಲಿ ನಿಧಾನವಾಗಿ 5 ಸಲ ಕೂತು ಏಳಲಿ. ನೀವು ಪಕ್ಕದಲ್ಲೇ ಇರಿ. ಮಂಡಿಯೂತ, ಎದೆನೋವು, ತಲೆಸುತ್ತು ಇದ್ದರೆ ಮೊದಲು ವೈದ್ಯರನ್ನು ಕೇಳಿ. ನೀರಿನ ಲೋಟವನ್ನು ಮಾತ್ರ ಇಂದಿನಿಂದಲೇ ಅವರೇ ಎದ್ದು ತೆಗೆದುಕೊಳ್ಳಲಿ.