ಎದೆ ಒಂದೇ, ರಿಜಿಸ್ಟರ್ ಮೂರು



ನಮ್ಮ ಯಶವಂತನಗರದಲ್ಲಿ ದಮ್ಮು, ಶುಗರ್, ಬಿಪಿ ಮೂರೂ ಇರೋ ಹಿರಿಯರೊಬ್ಬರ ಆಸ್ಪತ್ರೆ ಚೀಟಿಗಳನ್ನ ಒಟ್ಟಿಗೆ ಇಟ್ಟು ನೋಡ್ದೆ. ಒಂದರಲ್ಲಿ 'ಆಸ್ತಮಾ', ಇನ್ನೊಂದರಲ್ಲಿ 'ಸಿಒಪಿಡಿ', ಮತ್ತೊಂದರಲ್ಲಿ ಬರೀ 'ಕೆಮ್ಮು'. ಮನುಷ್ಯ ಒಬ್ಬನೇ. ಎಷ್ಟು ವರ್ಷ ಅದಿರು ಒಡೆದ, ಲಾರಿಗೆ ತುಂಬಿದ ಅನ್ನೋದು ಯಾವುದರಲ್ಲೂ ಇಲ್ಲ. ನಾಳೆ ಟಿಬಿ ಬಂದ್ರೆ ಹೆಸರು ನಿಕ್ಷಯ್ ಪೋರ್ಟಲ್‌ಗೆ, ಅದು ಬೇರೆ.

ಇದು ಬರೀ ಬರವಣಿಗೆಯ ತಕರಾರಲ್ಲ (ನಾನೂ ಗುಮಾಸ್ತನೇ, ಕಾಲಂ ಖಾಲಿ ಬಿಟ್ರೆ ಅದಕ್ಕೆ ದುಡ್ಡು ಬರಲ್ಲ ಅಂತ ಗೊತ್ತು). ಸಿಲಿಕಾ ಧೂಳು ಕುಡಿದ ಎದೆಗೆ ಟಿಬಿ ಬೇಗ ಹತ್ತುತ್ತೆ, ಶುಗರ್ ಇದ್ರೆ ಇನ್ನೂ ಸಲೀಸು. ದಮ್ಮಿಗೆ ಕೊಡೋ ಸ್ಟಿರಾಯ್ಡ್ ಮಾತ್ರೆ ಶುಗರ್ ಏರಿಸುತ್ತೆ. ಒಟ್ಟಿಗೆ ಬರೆಯದಿದ್ರೆ ಸಂಶೋಧಕರಿಗೆ ಕಾಣೋದು ಮೂವರು ರೋಗಿಗಳು. ಕೊನೆಗೆ 'ಬೀಡಿ ಸೇದ್ತಿದ್ದ' ಅಂತ ಷರಾ. ಬೀಡಿ ಮುಟ್ಟದೆ ಸೌದೆ ಒಲೆ ಊದಿದ ನಮ್ಮ ಅವ್ವಂದಿರು ಯಾವ ಲೆಕ್ಕಕ್ಕೆ?

ಸಿಲಿಕೋಸಿಸ್ ಅಧಿಸೂಚಿತ ಕಾಯಿಲೆ. ರಾಜಸ್ಥಾನ 2019ರಲ್ಲೇ ಅದಕ್ಕೊಂದು ನೀತಿ ತಂದಿದೆ. 2015ರ ತಿದ್ದುಪಡಿಯಿಂದ ಬಂದ ಜಿಲ್ಲಾ ಖನಿಜ ಪ್ರತಿಷ್ಠಾನದ ದುಡ್ಡಲ್ಲಿ ಆರೋಗ್ಯಕ್ಕೂ ಪಾಲಿದೆ. ದಾಖಲೆಯೇ ಇಲ್ಲದೆ ಕೇಳೋದು ಹೇಗೆ?

ಸಂಡೂರು ತಾಲ್ಲೂಕಿನ ಎಲ್ಲ ಆಸ್ಪತ್ರೆಗಳಲ್ಲೂ ಒಂದೇ ನಮೂನೆ ಬೇಕು. ಇರೋ ಎಲ್ಲ ಕಾಯಿಲೆ, ದುಡಿದ ಜಾಗ, ದುಡಿದ ವರ್ಷ, ಜಾತಿ, ಮನೆಯ ಒಲೆ, ಊದಿಸಿ ನೋಡೋ ಪರೀಕ್ಷೆಯ ಅಂಕಿ. ಹೆಸರು ಮಾತ್ರ ಕಂಪನಿಯವರ ಕೈಗೆ ಹೋಗಕೂಡದು, ಹೋದ್ರೆ ಇರೋ ಕೂಲಿನೂ ಹೋಗುತ್ತೆ.

ಮುಂದಿನ ಗ್ರಾಮಸಭೆಗೆ ಬರುವಾಗ ಮನೆಯಲ್ಲಿರೋ ಹಳೇ ಚೀಟಿ, ಎಕ್ಸ್‌ರೇ ಎಲ್ಲ ತನ್ನಿ.