ನಕ್ಷತ್ರಯುದ್ಧದ ಅಪ್ಪಣೆ ಕನ್ನಡದಲ್ಲಿ ಏಕಿಲ್ಲ?



2023ರ ಆಗಸ್ಟ್ 23ರಂದು ಚಂದ್ರಯಾನ-3ರ ನೌಕೆ ಚಂದ್ರನ ಮೇಲೆ ಇಳಿಯಿತು. ಅದನ್ನು ನಡೆಸುತ್ತಿದ್ದ ಕೇಂದ್ರ ಎಲ್ಲಿತ್ತು? ಬೆಂಗಳೂರಿನ ಪೀಣ್ಯದಲ್ಲಿ. ದೂರದ ನೌಕೆಗಳ ದನಿ ಕೇಳುವ ದೊಡ್ಡ ಆಂಟೆನಾ ಎಲ್ಲಿದೆ? ಬೆಂಗಳೂರಿನ ಹೊರಗಿನ ಬ್ಯಾಲಾಳು ಹಳ್ಳಿಯಲ್ಲಿ. ಉಪಗ್ರಹಗಳ ನಿಯಂತ್ರಣ ಕೇಂದ್ರ? ಹಾಸನದಲ್ಲಿ. ಆಕಾಶಕ್ಕೆ ಅಪ್ಪಣೆ ಹೋಗುವುದೇ ಕನ್ನಡದ ನೆಲದಿಂದ. ಆದರೆ ಇದೇ ನೆಲದ ಹುಡುಗ ಕಂಪ್ಯೂಟರ್ ಮುಂದೆ ಕುಳಿತು ಆಕಾಶನೌಕೆಯ ಯುದ್ಧದಾಟ ಆಡುವಾಗ ಅವನಿಗೆ ಅಪ್ಪಣೆ ಬರುವುದು ಯಾವ ಭಾಷೆಯಲ್ಲಿ? ಇಂಗ್ಲಿಷಿನಲ್ಲಿ!

ಪ್ರೆಸ್ಸಿನವನಿಗೆ ಆಟದ ಉಸಾಬರಿ ಯಾಕೆ ಎಂದು ಕೇಳಬೇಡಿ. ಜಮಖಂಡಿಯಲ್ಲಿ ಮುದ್ರಣಾಲಯ ನಡೆಸುವ ನಾನು ಅಕ್ಷರದಿಂದಲೇ ಹೊಟ್ಟೆ ಹೊರೆಯುವವನು. ಅಕ್ಷರ ಹೋಗದ ಕಡೆ ಭಾಷೆ ಹೋಗುವುದಿಲ್ಲ ಎಂಬುದು ನನಗೆ ದಿನಾ ಕಾಣುವ ಸತ್ಯ. ನಮ್ಮಲ್ಲಿ ಡಿಟಿಪಿ ಮಾಡುವ ಬನಹಟ್ಟಿಯ ನೇಕಾರರ ಮನೆಯ ಹುಡುಗನೊಬ್ಬ ಕೆಲಸ ಮುಗಿದ ಮೇಲೆ ಇಂಥ ಆಟಕ್ಕೆ ತಾನೇ ಮಿಷನ್ ಕಟ್ಟುತ್ತಾನೆ. ಅವನಿಂದ ಕಂಡು ಕೇಳಿ ತಿಳಿದದ್ದನ್ನು ನಿಮ್ಮ ಮುಂದೆ ಇಡುತ್ತಿದ್ದೇನೆ.

ಕಂಪನಿ ಮುಚ್ಚಿತು, ಆಟ ಉಳಿಯಿತು

ಆಟದ ಹೆಸರು ಫ್ರೀಸ್ಪೇಸ್ 2. 1999ರಲ್ಲಿ ಅಮೆರಿಕದ ವಾಲಿಷನ್ ಎಂಬ ಕಂಪನಿ ಇದನ್ನು ಮಾಡಿತು. ಆಟದ ಜೊತೆಗೇ ಫ್ರೆಡ್ ಎಂಬ ಎಡಿಟರನ್ನೂ ಕೊಟ್ಟಿತು. ಕಂಪನಿಯವರು ಯಾವುದರಿಂದ ಮಿಷನ್ ಕಟ್ಟಿದರೋ ಅದೇ ಹತಾರ ಆಡುವವನ ಕೈಗೂ ಬಂತು. 2002ರಲ್ಲಿ ಆಟದ ಮೂಲ ಸಂಕೇತವನ್ನೂ ಬಿಟ್ಟುಕೊಟ್ಟರು. ಮಾರಿ ದುಡ್ಡು ಮಾಡುವಂತಿಲ್ಲ, ತಿದ್ದಿ ಹಂಚಬಹುದು. ಅಷ್ಟೇ ಸಾಕಾಯಿತು. ದೇಶದೇಶದ ಅಭಿಮಾನಿಗಳು ಸೇರಿ ಆಟವನ್ನು ತಿದ್ದಿದರು, ಹೊಸ ಕಥೆ ಕಟ್ಟಿದರು. 2023ರಲ್ಲಿ ವಾಲಿಷನ್ ಕಂಪನಿಯೇ ಬಾಗಿಲು ಹಾಕಿತು. ಆಟ ಮಾತ್ರ ಸಾಯಲಿಲ್ಲ!

ಇದರ ಪಾಠ ಗಮನಿಸಿ. ಬದುಕಿಸಿದ್ದು ಬಂಡವಾಳವಲ್ಲ, ಸಂಬಳವಿಲ್ಲದೆ ದುಡಿದ ಅಭಿಮಾನ. ಆ ಅಭಿಮಾನ ನಮ್ಮಲ್ಲಿ ಬರಿ ಬಾವುಟಕ್ಕೆ, ಬ್ಯಾನರಿಗೆ ಮೀಸಲಾಗಬೇಕೇ?

ಮಗ್ಗ ಗೊತ್ತಿದ್ದವನಿಗೆ ಮಿಷನ್ ಕಷ್ಟವಲ್ಲ

ಮಿಷನ್ ಎಂದರೆ ಏನು? ಮೊದಲು ಕೆಲಸ ಏನೆಂದು ತಿಳಿಸುವ ವಿವರಣೆ. ಆಮೇಲೆ ಯಾವ ಹಡಗು ಎಲ್ಲಿ ನಿಂತಿರಬೇಕು, ಯಾವುದು ಯಾವಾಗ ಬರಬೇಕು ಎಂಬ ಲೆಕ್ಕ. ನಡುವೆ ಸಂಗಾತಿಗಳ ಮಾತು. ಕೊನೆಗೆ ಗೆದ್ದೆಯೋ ಸೋತೆಯೋ ಎಂಬ ಫಲಿತಾಂಶ. ಇದನ್ನೆಲ್ಲ ಕಟ್ಟುವುದು 'ಹೀಗಾದರೆ ಹಾಗೆ' ಎಂಬ ಒಂದೇ ಸೂತ್ರದ ಮೇಲೆ. ಸರಕಿನ ಹಡಗು ದಾಟಿದರೆ ಶತ್ರು ಬರಲಿ. ಶತ್ರುವಿನ ನಾಯಕ ಬಿದ್ದರೆ ಉಳಿದವರು ಓಡಲಿ. ಕಾವಲು ಹಡಗು ಮುಳುಗಿದರೆ ಬೇರೆ ಅಪ್ಪಣೆ ಬರಲಿ.

ರಬಕವಿ-ಬನಹಟ್ಟಿಯವರಿಗೆ ಇದು ಹೊಸದೇ? ಜಕಾರ್ಡ್ ಮಗ್ಗದ ರಟ್ಟಿನಲ್ಲಿ ತೂತು ಇದ್ದರೆ ಎಳೆ ಏಳುತ್ತದೆ, ಇಲ್ಲದಿದ್ದರೆ ಏಳುವುದಿಲ್ಲ. ಆ ತೂತುಗಳ ಸಾಲಿನಿಂದಲೇ ಸೆರಗಿನ ಮೇಲೆ ಹೂವು ಅರಳುತ್ತದೆ. ಮಿಷನ್ ಕಟ್ಟುವವನೂ ಮಾಡುವುದು ಅದನ್ನೇ. ಇದಕ್ಕೆ ಇಂಜಿನಿಯರಿಂಗ್ ಪದವಿ ಬೇಕಿಲ್ಲ. ಪಿಯುಸಿ ಓದಿದ ನನಗೇ ಅರ್ಥವಾಗಿದೆ. ಮಿಷನ್ ಫೈಲನ್ನು ನೋಟ್‌ಪ್ಯಾಡಿನಲ್ಲಿ ತೆರೆದರೂ ಓದಬಹುದು.

ಕಷ್ಟವಿರುವುದು ಬೇರೆ ಕಡೆ. ಶತ್ರುಗಳನ್ನು ರಾಶಿ ಸುರಿದ ಮಾತ್ರಕ್ಕೆ ಮಿಷನ್ ಚೆನ್ನಾಗುವುದಿಲ್ಲ. ಆಡುವವನ ಮುಂದೆ ಒಂದು ಆಯ್ಕೆ ಇರಬೇಕು: ಇವರನ್ನು ಉಳಿಸಲೋ, ಅವರನ್ನೋ? ಗುಂಡಿನ ಸುರಿಮಳೆಯ ನಡುವೆ ಉದ್ದುದ್ದ ಭಾಷಣ ಬರಬಾರದು, ಯಾರೂ ಓದುವುದಿಲ್ಲ. ಕಟ್ಟಿದವನಿಗೆ ಶತ್ರು ಎಲ್ಲಿಂದ ಬರುತ್ತಾನೆಂದು ಗೊತ್ತಿರುತ್ತದೆ, ಆಡುವವನಿಗೆ ಗೊತ್ತಿರುವುದಿಲ್ಲ. ಆದ್ದರಿಂದ ಏನೂ ಗೊತ್ತಿಲ್ಲದ ಗೆಳೆಯನ ಕೈಯಲ್ಲಿ ಆಡಿಸಿ, ಬಾಯಿ ಮುಚ್ಚಿಕೊಂಡು ಪಕ್ಕದಲ್ಲಿ ಕುಳಿತು ನೋಡಬೇಕು. ಅವನು ಎಲ್ಲಿ ತಡವರಿಸುತ್ತಾನೋ ಅಲ್ಲಿ ತಿದ್ದಬೇಕು. ಪ್ರೆಸ್ಸಿನಲ್ಲಿ ಕರಡು ತಿದ್ದಲು ಬರೆದವನನ್ನು ಬಿಟ್ಟು ಇನ್ನೊಬ್ಬನಿಗೆ ಕೊಡುವುದು ಇದೇ ಕಾರಣಕ್ಕೆ.

ಕಥೆಗೆ ಬರವೇ ನಮಗೆ?

ಮುಧೋಳ ತಾಲ್ಲೂಕಿನ ಹಲಗಲಿ ನೆನಪಿಸಿಕೊಳ್ಳಿ. 1857ರಲ್ಲಿ ಆಯುಧ ಒಪ್ಪಿಸಿ ಎಂದು ಬ್ರಿಟಿಷರು ಆಜ್ಞೆ ಮಾಡಿದರು. ಹಲಗಲಿಯ ಬೇಡರು ಒಪ್ಪಲಿಲ್ಲ. ದಂಡು ಬಂತು, ಊರಿಗೆ ಬೆಂಕಿ ಬಿತ್ತು, ಮುಂದಾಳುಗಳು ಗಲ್ಲಿಗೇರಿದರು. ಲಾವಣಿಕಾರರು ಹಾಡಿದ್ದರಿಂದ ಆ ಕಥೆ ಇಂದಿಗೂ ನಮ್ಮ ನಾಲಿಗೆಯ ಮೇಲಿದೆ.

ಇದನ್ನು ನಕ್ಷತ್ರಲೋಕಕ್ಕೆ ಒಯ್ಯಿರಿ. ದೂರದ ಸಾಮ್ರಾಜ್ಯದಿಂದ ಒಂದು ಸಣ್ಣ ನೆಲೆಗೆ ಅಪ್ಪಣೆ ಬರುತ್ತದೆ: ಆಯುಧ ಕೆಳಗಿಡಿ. ನೀವು ಕಾವಲುಗಾರ. ದಂಡನ್ನು ಗೆಲ್ಲುವುದು ಸಾಧ್ಯವೇ ಇಲ್ಲ. ಆದರೆ ಎಷ್ಟು ಹಡಗು ಜನರನ್ನು ಪಾರು ಮಾಡಿ ಕಳಿಸುತ್ತೀರಿ? ಎಷ್ಟು ಹೊತ್ತು ತಡೆದು ನಿಲ್ಲುತ್ತೀರಿ? ಸೋಲು ಖಚಿತವಾದ ಯುದ್ಧದಲ್ಲಿ ಮಾನ ಉಳಿಸಿಕೊಳ್ಳುವ ಇಂಥ ಮಿಷನ್ನಿನ ಬೀಜ ನಮ್ಮ ಮಣ್ಣಿನಲ್ಲೇ ಇದೆ.

ಮುಧೋಳದ ರನ್ನನನ್ನೂ ಕೇಳಿ. ಬಳೆಗಾರರ ಮನೆಯಲ್ಲಿ ಹುಟ್ಟಿ ಚಾಲುಕ್ಯರ ಆಸ್ಥಾನದ ಮಹಾಕವಿಯಾದವನು. 'ಗದಾಯುದ್ಧ'ದಲ್ಲಿ ಅವನು ಭೀಮ ದುರ್ಯೋಧನರ ಕೊನೆಯ ಹೋರಾಟವನ್ನು ಮುಂದಿಟ್ಟುಕೊಂಡು, ಸಿಂಹ ಹಿಂತಿರುಗಿ ನೋಡುವಂತೆ ಇಡೀ ಭಾರತವನ್ನೇ ನೋಡಿದ. ಕೊನೆಯ ಕಾಳಗದಲ್ಲಿ ನಿಂತು ಹಿಂದಿನದನ್ನೆಲ್ಲ ನೆನೆಯುವ ಮಿಷನ್ ಮಾಲೆಗೆ ಇದಕ್ಕಿಂತ ಒಳ್ಳೆಯ ಗುರು ಬೇಕೇ?

ಒತ್ತಕ್ಷರದ ತೊಡಕು

ಈಗ ನನ್ನ ಕಸುಬಿನ ಮಾತು. ಈ ಆಟದಲ್ಲಿ ಜರ್ಮನ್, ಫ್ರೆಂಚ್ ಭಾಷೆಗಳಿಗೆ ಜಾಗವಿದೆ. ಕನ್ನಡಕ್ಕೆ ಯಾಕಿಲ್ಲ? ದ್ವೇಷವಲ್ಲ, ಅಕ್ಷರದ ರಚನೆ. 1999ರ ಆಟದ ಅಕ್ಷರಗಳು ಒಂದರ ಪಕ್ಕ ಒಂದು ಕೂರುವ ರೋಮನ್ ಅಕ್ಷರಗಳ ಚಿತ್ರಗಳು. ನಮ್ಮದು ಹಾಗಲ್ಲ. 'ರಾಷ್ಟ್ರ' ಎಂಬುದರ 'ಷ್ಟ್ರ' ಕಂಪ್ಯೂಟರಿಗೆ ಐದು ಸಂಕೇತ, ಕಣ್ಣಿಗೆ ಒಂದೇ ಗೊಂಚಲು. ಮೊಳೆ ಜೋಡಿಸುವ ಕಾಲದಲ್ಲಿ ಒತ್ತನ್ನು ಕೈಯಿಂದ ಕೆಳಗೆ ಕೂರಿಸುತ್ತಿದ್ದರು. ಈಗ ಆ ಕೆಲಸವನ್ನು ತಂತ್ರಾಂಶ ಮಾಡಬೇಕು. ಕನ್ನಡ ಯುನಿಕೋಡಿಗೆ ಸೇರಿದ್ದು 1991ರಲ್ಲೇ. ಆದರೆ ಸಂಕೇತ, ಫಾಂಟು ಎರಡೂ ಇದ್ದರೆ ಸಾಲದು, ಜೋಡಿಸುವ ಕೈ ಬೇಕು. ಅದಿಲ್ಲದ ಆಟದಲ್ಲಿ ಕನ್ನಡ ಬರೆದರೆ ಒತ್ತು ಚದುರಿ ಓದಲಾಗದಂತೆ ಬೀಳುತ್ತದೆ.

ಹಾಗಾದರೆ ಕೈಕಟ್ಟಿ ಕೂರಬೇಕೇ? ಖಂಡಿತ ಬೇಡ! ದನಿಗೆ ಒತ್ತಕ್ಷರದ ಹಂಗಿಲ್ಲ. ಮಿಷನ್ನಿನ ಪ್ರತಿ ಮಾತಿಗೂ ಧ್ವನಿ ಫೈಲು ಸೇರಿಸಬಹುದು. ಮೊಬೈಲಿನಲ್ಲೇ ದನಿ ಹಿಡಿಯಿರಿ. ಸೇನಾಪತಿ ಕನ್ನಡದಲ್ಲಿ ಅಪ್ಪಣೆ ಕೊಡಲಿ, ಸಂಗಾತಿ ನಮ್ಮ ಬೀಳಗಿ ಕಡೆಯ ಮಾತಿನಲ್ಲಿ "ಹುಷಾರಪಾ, ಹಿಂದ ಬಂದಾನ!" ಅನ್ನಲಿ. ಮೊದಲ ವಿವರಣೆಗೆ ಚಿತ್ರ ಹಾಕುವ ಜಾಗದಲ್ಲಿ ಕನ್ನಡ ಬರಹವನ್ನೇ ಚಿತ್ರ ಮಾಡಿ ಹಾಕಿ. ಹೊಸದಾಗಿ ಆಟ ಕಟ್ಟುವವರು ಗೊಡಾಟ್ 4 ನೋಡಿ. 2023ರಲ್ಲಿ ಬಂದ ಈ ಉಚಿತ ತಂತ್ರಾಂಶಕ್ಕೆ ಕೂಡಕ್ಷರಗಳನ್ನು ಜೋಡಿಸುವ ವಿದ್ಯೆ ಬರುತ್ತದೆ.

ಆಟದಿಂದ ಭಾಷೆ ಉಳಿದೀತೇ?

ಹೀಗೆ ನಗುವವರಿದ್ದಾರೆ. ಅವರಿಗೆ ನನ್ನದೊಂದೇ ಪ್ರಶ್ನೆ. ಹುಡುಗ ದಿನಕ್ಕೆರಡು ತಾಸು ಯಾವ ಭಾಷೆಯಲ್ಲಿ ಅಪ್ಪಣೆ ಕೇಳುತ್ತಾನೋ, ಗೆಲ್ಲುತ್ತಾನೋ, ಆ ಭಾಷೆಯೇ ಶಕ್ತಿಯ ಭಾಷೆ ಎಂದು ಅವನ ಮನಸ್ಸಿಗೆ ಇಳಿಯುವುದಿಲ್ಲವೇ? ಕನ್ನಡ ಅಡುಗೆಮನೆಗೆ, ಜಾತ್ರೆಗೆ ಸಾಕು ಎಂಬ ಭಾವನೆ ಹುಟ್ಟುವುದು ಹೀಗೆಯೇ. 1982ರ ಗೋಕಾಕ್ ಚಳವಳಿಯಲ್ಲಿ ಹಿರಿಯರು ಶಾಲೆಯಲ್ಲಿ ಕನ್ನಡದ ಜಾಗಕ್ಕಾಗಿ ಬೀದಿಗಿಳಿದರು. ಇಂದು ಪರದೆಯ ಮೇಲಿನ ಜಾಗ ಕೇಳುವ ಸರದಿ ನಿಮ್ಮದು.

ಅನಿಮೇಷನ್, ಗೇಮ್ ಉದ್ಯಮಕ್ಕೆಂದು 2012ರಲ್ಲೇ ನೀತಿ ತಂದ ಸರ್ಕಾರ ನಮ್ಮದು. ಇಂಥ ನೀತಿಯ ಸವಲತ್ತು ಪಡೆದು ಇಲ್ಲಿ ತಯಾರಾಗುವ ಪ್ರತಿ ಆಟದಲ್ಲೂ ಕನ್ನಡ ಕಡ್ಡಾಯವಾಗಿರಲಿ ಎಂದು ಒತ್ತಾಯಿಸೋಣ. ಆದರೆ ಸರ್ಕಾರದ ಬಾಗಿಲು ಕಾಯುತ್ತ ಕೂರುವುದು ಬೇಡ. ಬೆಂಗಳೂರಿನ ಗೆಳೆಯರೇ, ನಿಮ್ಮಲ್ಲಿ ಯಂತ್ರವಿದೆ, ವಿದ್ಯೆಯಿದೆ. ನಮ್ಮ ಕಡೆ ಕಥೆಯಿದೆ, ದನಿಯಿದೆ. ಒಬ್ಬ ಕಥೆ ಬರೆಯಲಿ, ಒಬ್ಬ ಮಿಷನ್ ಕಟ್ಟಲಿ, ನಾಲ್ಕು ಜನ ದನಿ ಕೊಡಲಿ. ಮೊದಲು ಹತ್ತು ನಿಮಿಷದ ಒಂದೇ ಒಂದು ಮಿಷನ್ ಬರಲಿ. ಚಂದ್ರನಿಗೆ ಅಪ್ಪಣೆ ಕಳಿಸಿದ ನೆಲದ ಭಾಷೆಗೆ ಅಷ್ಟೂ ಆಗದೇ?

ಸಿರಿಗನ್ನಡಂ ಗೆಲ್ಗೆ!